ಸುತ್ತಿ ಹೋಗುವವರು

ನಮ್ಮ ಊರಿನ ಆಚೆಯ ಬಯಲಿನಲ್ಲಿ ಗಾಲಿಯ ಗುರುತು ಅಳಿಯುವುದಿಲ್ಲ. ಕಾಲಿನ ಗುರುತು ಎಲ್ಲ ಊರುಗಳಲ್ಲಿ ಅಳಿಯುವಂತೆ ಇಲ್ಲಿಯೂ ಅಳಿಯುತ್ತದೆ. ಕತ್ತೆ, ಕುದುರೆಗಳ ಗೊರಸಿನದೂ ಸಂಜೆಯೊಳಗೆ ಮಾಯವಾಗುತ್ತದೆ. ಗಾಲಿಯದು ಮಾತ್ರ ಉಳಿಯುತ್ತದೆ. ಒಬ್ಬರಿಗೆ ಒಂದೇ ಗುರುತು. ಅವರು ಮತ್ತೊಮ್ಮೆ ಗಾಡಿ ಓಡಿಸಿದರೆ ಹಿಂದಿನದು ಹೋಗಿ ಹೊಸದು ನಿಲ್ಲುತ್ತದೆ. ಓಡಿಸಿದವರು ಬದುಕಿರುವವರೆಗೆ ಅದು ಕಪ್ಪಗಿರುತ್ತದೆ, ಆಗತಾನೇ ನೀರು ಚಿಮುಕಿಸಿದ ಮಣ್ಣಿನ ಹಾಗೆ. ಅವರು ತೀರಿಕೊಂಡ ದಿನ ಬೆಳ್ಳಗಾಗುತ್ತದೆ. ಆಮೇಲೆ ಅದರ ಮೇಲೆ ಯಾರೂ ಗಾಡಿ ಹಾಯಿಸುವುದಿಲ್ಲ. ಇನ್ನೊಂದು ಗಾಲಿ ಹಾಯ್ದ ಬಿಳಿ ಗುರುತನ್ನು ಗಾಳಿ ಒಯ್ದುಬಿಡುತ್ತದೆ.

ನಮ್ಮಲ್ಲಿ ಸಮಾಧಿಗಳಿಲ್ಲ. ವರ್ಷದ ಬಹುಪಾಲು ನೆಲ ಹೆಪ್ಪುಗಟ್ಟಿ ಕಲ್ಲಾಗಿರುವುದರಿಂದ ಅಗೆಯುವ ಮಾತೇ ಇಲ್ಲ. ಸುಟ್ಟ ಬೂದಿಯನ್ನು ಗಾಳಿಗೆ ಬಿಡುತ್ತೇವೆ. ಹೋದವರ ನೆನಪಾದಾಗ ಅವರ ಗುರುತಿನ ಪಕ್ಕ ಹೋಗಿ ಕುಳಿತು, ಕಟ್ಟಿಕೊಂಡು ಹೋದ ಬುತ್ತಿ ಉಂಡು ಬರುತ್ತೇವೆ. ಒಮ್ಮೆಯೂ ಗಾಡಿ ಓಡಿಸದೆ ತೀರಿಕೊಂಡವರದು ಏನೂ ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಹಾಸಿಗೆ ಹಿಡಿದ ಮುದುಕ ಮುದುಕಿಯರನ್ನು ಮಕ್ಕಳು ಕಂಬಳಿ ಸಮೇತ ಎತ್ತಿಕೊಂಡು ಬಂದು, ಸ್ಟೇರಿಂಗಿನ ಮುಂದೆ ಕೂರಿಸಿ, ಅವರ ಕೈ ಮೇಲೆ ತಮ್ಮ ಕೈ ಇಟ್ಟು ನಾಲ್ಕು ಮಾರು ಓಡಿಸುವುದುಂಟು. ಊರ ಬಾಗಿಲಿನ ಹತ್ತಿರ ಅಂಥ ತುಂಡು ತುಂಡು ಬಿಳಿ ಗೆರೆಗಳು ಬಹಳ ಇವೆ. ಉಪ್ಪಿನ ಕೆರೆಗೆ ನನ್ನ ಅತ್ತೆಯವರ ಕಾಲದಲ್ಲಿ ಮುಂಜಾನೆ ಹೊರಟರೆ ಊಟದ ಹೊತ್ತಿಗೆ ಮುಟ್ಟುತ್ತಿದ್ದರಂತೆ. ಈಗ ಅಲ್ಲಿ ಒಂದು ರಾತ್ರಿ ಡೇರೆ ಹಾಕದೆ ಹಿಂದಿರುಗುವುದು ಆಗುವುದಿಲ್ಲ. ಕೆರೆ ಎಲ್ಲಿತ್ತೋ ಅಲ್ಲೇ ಇದೆ. ಸುತ್ತು ಹೆಚ್ಚಾಗಿದೆ, ಅಷ್ಟೆ.

ನಮ್ಮವರು, ಗುರುನಾಥರು, ಇಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಗಿಡವೇ ಇಲ್ಲದ ಊರಿಗೆ ಗಿಡದ ಮೇಷ್ಟರು ಎಂದು ಜನ ಅವರನ್ನು ಬಹಳ ಗೋಳು ಹೊಯ್ದುಕೊಂಡರು. ನಾನು ಹುಡುಗಿಯರ ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದೆ, ಅದಕ್ಕೇ ಊರಿಗೆಲ್ಲ ಬಾಯಾರು. ನಿವೃತ್ತರಾದ ಮೇಲೆ ಇಬ್ಬರೂ ಕಾಲೇಜಿನ ಕಲ್ಲು ಹಾಸಿದ ಅಂಗಳದಲ್ಲಿ ಹಳೆಯ ಜೀಪೊಂದರಲ್ಲಿ ಗಾಡಿ ಓಡಿಸಲು ಕಲಿತೆವು. ಕಲ್ಲಿನ ಮೇಲೆ ಗುರುತು ನಿಲ್ಲುವುದಿಲ್ಲವಾದ್ದರಿಂದ ನಮ್ಮ ತಪ್ಪುಗಳೂ ನಿಲ್ಲಲಿಲ್ಲ. ಒಂದು ಶರತ್ಕಾಲದ ದಿನ ಅವರು ಒಬ್ಬರೇ ಬಯಲಿಗೆ ಹೋದರು. ಕೆಂಪು ಗುಡ್ಡದ ಬುಡದಲ್ಲಿ ಯಾವುದೋ ಮುಳ್ಳಿನ ಗಿಡ ಹೂ ಬಿಟ್ಟಿದೆಯೇ ಎಂದು ನೋಡಿಕೊಂಡು, ಹೋದ ಗೆರೆಯಲ್ಲೇ ಮರಳಿ ಬಂದರು. ಹೂ ಬಿಟ್ಟಿರಲಿಲ್ಲ. ಆ ವರ್ಷ ಹಿಮ ಬೀಳುವ ಮೊದಲೇ ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದರು. ಒಂದು ಮುಂಜಾನೆ ನಾನು ಗಂಜಿಯ ಚಮಚ ಹಿಡಿದುಕೊಂಡಿದ್ದಾಗಲೇ ಹೋದರು. ಅಕ್ಕಪಕ್ಕದವರಿಗೆ ಹೇಳಲೆಂದು ನಾನು ಬಾಗಿಲು ತೆರೆದರೆ, ಅಂಗಳದಲ್ಲಿ ಜೀಪಿನ ಚಾಲಕ ಸಿದರಾಯ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಬಯಲಿನಿಂದ ಬರುವಾಗ ಅವನ ಕಣ್ಣೆದುರೇ ಗೆರೆ ಬೆಳ್ಳಗಾಗಿತ್ತಂತೆ. ಒಳಗೆ ಬರಲು ಧೈರ್ಯವಾಗದೆ, ಹೋಗಲೂ ಮನಸ್ಸಾಗದೆ ಆ ಚಳಿಯಲ್ಲಿ ನಿಂತೇ ಇದ್ದ.

ಆ ಗೆರೆ ಊರ ಬಾಗಿಲಿನಿಂದ ಕೆಂಪು ಗುಡ್ಡದವರೆಗೆ ಬೇಲಿಯ ಹಾಗೆ ಹೋಗುತ್ತದೆ. ಅದರ ಎಡಕ್ಕೆ ಉಪ್ಪಿನ ಕೆರೆ, ಬಲಕ್ಕೆ ಉಪ್ಪು ತೆಗೆಯುವವರ ಹಟ್ಟಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದವರು ಒಂದೋ ಊರ ಬಾಗಿಲಿಗೆ ಮರಳಬೇಕು, ಇಲ್ಲವೇ ಗುಡ್ಡದ ಹಿಂದಿನ ಕೊರಕಲುಗಳಲ್ಲಿ ಇಳಿದು ಹತ್ತಬೇಕು. ನಮ್ಮವರು ಒಳ್ಳೆಯ ಚಾಲಕರಾಗಿರಲಿಲ್ಲ. ಕನ್ನಡಕ ಸರಿಮಾಡಿಕೊಂಡಲ್ಲೆಲ್ಲ ಗೆರೆ ಒಂದಿಷ್ಟು ಬಲಕ್ಕೆ ಜಾರಿದೆ. ಅರ್ಧ ದಾರಿಯಲ್ಲಿ ಅಂಗೈಯಷ್ಟು ಅಗಲದ ಒಂದು ಹುಲ್ಲಿನ ಗಂಟಿದೆ. ಅದನ್ನು ತುಳಿಯಬಾರದೆಂದು ಇಡೀ ಜೀಪನ್ನು ತಿರುಗಿಸಿ ಸುತ್ತು ಹಾಕಿದ್ದಾರೆ. ವರ್ಷಕ್ಕೊಮ್ಮೆ, ಹಿಮ ಬಿದ್ದು ದಾರಿ ಮುಚ್ಚುವ ಮೊದಲು, ನಾನು ಹೋಗಿ ಕೂರುವುದು ಅಲ್ಲಿಯೇ. ಅದಕ್ಕೆಂದು ಬೇರೆ ಗಾಡಿ ಮಾಡುವ ಅಗತ್ಯ ಬೀಳುತ್ತಿರಲಿಲ್ಲ. ಕೆರೆ ನೋಡಲು ಬಂದ ಪ್ರವಾಸಿಗಳನ್ನು ಕರೆದುಕೊಂಡು ಹೊರಟಾಗ ಸಿದರಾಯನೇ ಹಿಂದಿನ ಸಂಜೆ ಬಂದು, "ನಾಳಿಗೆ ಮುಂದಿನ ಸೀಟ ಖಾಲಿ ಐತ್ರಿ ಬಾಯಾರ" ಎಂದು ಹೇಳಿ ಹೋಗುತ್ತಿದ್ದ. ಆ ಸೀಟು ತಾನಾಗಿ ಖಾಲಿ ಇರುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು.

ಈ ಸಲ ಬಂದ ಪ್ರವಾಸಿ ಒಬ್ಬಳೇ ಹೆಂಗಸು. ಪ್ರಫುಲ್ಲಾ ಎಂದು ಹೆಸರು, ತೆಂಕಣ ಸೀಮೆಯವಳು, ನಲವತ್ತರ ಆಸುಪಾಸು. ಮೂರು ಸ್ವೆಟರುಗಳ ಮೇಲೊಂದು ಕೋಟು ತೊಟ್ಟು, ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡಿದ್ದಳು. ತೆಳುಗಾಳಿಗೆ ತಲೆ ಸುತ್ತದಿರಲೆಂದು ನಾನು ಕರ್ಪೂರದ ಗಂಟು ಕೊಟ್ಟರೆ, ಎರಡೂ ಕೈಯಿಂದ ತೆಗೆದುಕೊಂಡಳು. ಬೆಳಗಿನ ಹೊತ್ತು ಊರ ಬಾಗಿಲಿನಲ್ಲಿ ಸಿದರಾಯ ಇಂಜಿನ್ನಿನ ಕೆಳಗಿಟ್ಟಿದ್ದ ಕೆಂಡದ ಬುಟ್ಟಿಯನ್ನು ಎಳೆದು ತೆಗೆಯುತ್ತಿದ್ದ. ಹಾಗೆ ಕಾಯಿಸದಿದ್ದರೆ ಡೀಸೆಲ್ಲು ತುಪ್ಪದಂತೆ ಗಟ್ಟಿಯಾಗಿ ಗಾಡಿ ಏಳುವುದಿಲ್ಲ. ಆಗ ಕಲ್ಲವ್ವ ಬಂದಳು. ಅವಳ ಗಂಡ ಭರಮಪ್ಪನೂ ಜೀಪಿನ ಚಾಲಕನೇ. ಅವನೂ ಸಿದರಾಯನೂ ಎದುರಿಗೆ ಸಿಕ್ಕರೆ ಬೈದಾಡದೆ ಬಿಡುತ್ತಿರಲಿಲ್ಲ.

"ಸಿದರಾಯಣ್ಣ, ನಮ್ಮನಿಯವ್ರು ನಿನ್ನಿ ಸಂಜಿಗೇ ಬರಬೇಕಾಗಿತ್ತು. ಮೊನ್ನಿ ಕೆರಿಗೆ ಹೋಗಿ, ಅಲ್ಲಿಂದ ಉಪ್ಪಿನ ಹಟ್ಟಿಯವ್ರಿಗೆ ಸೀಮಿಎಣ್ಣಿ ಕೊಟ್ಟ ಬರ್ತೀನಂತ ಹೋಗ್ಯಾರ."

"ಗುರ್ತು?"

"ಕರೇದೈತಿ. ಈಗಷ್ಟ ನೋಡಿದೆ."

"ಮತ್ಯಾಕ ಅಳ್ತಿ? ಎಲ್ಲೆರೆ ಪಂಚರ್ ಆಗಿರ್ತೈತಿ. ನಿನ್ನ ಗಂಡಗ ಸ್ಟೆಪ್ನಿ ಅಂದ್ರ ಮಾವನ ಮನಿ ಇದ್ದಂಗ, ಆ ಕಡೆ ತಿರಗಿ ನೋಡಂಗಿಲ್ಲ."

ಕಲ್ಲವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಸಿದರಾಯ ನಮ್ಮ ಥರ್ಮಾಸಿನ ಚಹಾದಲ್ಲಿ ಅರ್ಧವನ್ನು ಅವಳ ಲೋಟಕ್ಕೆ ಸುರಿದ. "ದಾರ್‍ಯಾಗ ನೋಡ್ತೀನಿ. ನೀ ಮನಿಗೆ ಹೋಗವ್ವ" ಎಂದ. ಅವಳು ಹೋಗಲಿಲ್ಲ. ಗಂಡನ ಗುರುತು ಬಯಲಿಗೆ ಇಳಿಯುವ ಕಡೆ, ಅದರ ಪಕ್ಕದಲ್ಲಿ ಮಂಡಿ ಮಡಚಿ ಕುಳಿತುಕೊಂಡಳು. ನಮ್ಮ ಚಾಲಕರು ತಮ್ಮ ತಮ್ಮ ಟೈರಿನ ಅಂಚಿನಲ್ಲಿ ಒಂದೊಂದು ಕಚ್ಚು ಕೊರೆದುಕೊಂಡಿರುತ್ತಾರೆ, ಯಾರ ಗುರುತು ಯಾವುದೆಂದು ಮನೆಯವರಿಗೆ ತಿಳಿಯಲಿ ಎಂದು. ಭರಮಪ್ಪನದು ನಕ್ಷತ್ರದ ಕಚ್ಚು. ಅದು ನಮ್ಮವರ ಗೆರೆಯ ಎಡಕ್ಕೆ, ನಾವು ಹೋಗುವ ದಾರಿಯಲ್ಲೇ ಮುಂದೆ ಹೋಗಿತ್ತು.

ಬಯಲು ಆ ದಿನ ಬಹಳ ನಿಚ್ಚಳವಾಗಿತ್ತು. ಆಕಾಶ ಕಡುನೀಲಿ. ದೂರದ ಹಿಮದ ಗುಡ್ಡಗಳು ಕೈಗೆಟಕುವಷ್ಟು ಹತ್ತಿರ ಕಾಣುತ್ತಿದ್ದವು. ಸಿದರಾಯ ಎಡಕ್ಕೆ ಬಲಕ್ಕೆ ಸ್ಟೇರಿಂಗು ತಿರುಗಿಸುತ್ತ ಬಿಳಿ ಗೆರೆಗಳ ನಡುವೆ ಜೀಪನ್ನು ನುಸುಳಿಸುತ್ತಿದ್ದ. ಹಿಂದೆ ಕುಳಿತ ಪ್ರಫುಲ್ಲಾ ಆ ಕಡೆಯಿಂದ ಈ ಕಡೆಗೆ ಉರುಳಾಡಿ ಕೊನೆಗೆ ಕೇಳಿಯೇಬಿಟ್ಟಳು.

"ಅಲ್ರೀ, ಈ ಸತ್ತೋರು ಸುಮ್ನೆ ನೆಟ್ಟಗೆ ಒಂದೇ ಕಡೆ ಹೋಗಬಾರದಿತ್ತಾ?"

"ಬದುಕಿದ್ದಾಗ ಯಾರ್ರಿ ನೆಟ್ಟಗ ಹೋಗೂರು?" ಎಂದ ಸಿದರಾಯ. "ಇದಾ ನೋಡ್ರಿ, ಈ ಹಾವು ಹರದಂಗ ಐತೆಲ್ಲ, ಇದು ನಮ್ಮ ಚನ್ನವೀರಜ್ಜಂದು. ಅಂವನ ಗಾಡಿಗೆ ಬ್ರೇಕ ಇರಲಿಲ್ಲ. ನಿಲ್ಲಸಬೇಕಂದ್ರ ಗುಡ್ಡ ಹುಡುಕ್ತಿದ್ದ."

ಪ್ರಫುಲ್ಲಾ ಜೋರಾಗಿ ನಕ್ಕು, ನಗಬಹುದೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ನಾನೂ ನಗುತ್ತಿದ್ದೆ.

ಹುಲ್ಲಿನ ಗಂಟಿನ ಜಾಗ ಬಂದಾಗ ಸಿದರಾಯ ಜೀಪು ನಿಲ್ಲಿಸಿ, "ಇಂಜಿನ್ ಕಾದೈತಿ. ಸ್ವಲ್ಪ ಆರಬೇಕು" ಎಂದ. ಪ್ರತಿ ವರ್ಷ, ಪ್ರವಾಸಿಗಳಿಗೆ ಅವನು ಹೇಳುತ್ತಿದ್ದುದು ಇದನ್ನೇ.

"ಈ ಚಳೀಲಾ?" ಎಂದು ಪ್ರಫುಲ್ಲಾ ಕೈ ಉಜ್ಜಿಕೊಂಡಳು. "ನನ್ನ ಮೂಗು ಇದೆಯೋ ಬಿದ್ದುಹೋಯ್ತೋ ಗೊತ್ತಾಗ್ತಿಲ್ಲ. ನಿಮ್ಮ ಇಂಜಿನ್ನಿಗೆ ಸೆಖೆ!" ಆದರೂ ಇಳಿದು, ನಾನು ಗೆರೆಯ ಪಕ್ಕ ಕಂಬಳಿ ಹಾಸಿ ಕೂತದ್ದನ್ನು ನೋಡಿ, ಏನೂ ಕೇಳದೆ ಸ್ವಲ್ಪ ದೂರ ಹೋದಳು. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಆಚೆಯ ಬಯಲನ್ನು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ಅಲ್ಲೊಂದು ಜೀಪಿದೆ. ಹೊಗೆ ಬರ್ತಿದೆ" ಎಂದಳು.

ಗೆರೆಯ ಬಲಕ್ಕೆ, ಬೆಂಕಿಪೊಟ್ಟಣದಷ್ಟು ಕಾಣುವ ಗಾಡಿ. ಒಂದು ಬದಿಗೆ ವಾಲಿತ್ತು. ಪಕ್ಕದಲ್ಲಿ ಟೈರು ಸುಟ್ಟ ಕರಿ ಹೊಗೆ, ಅದೂ ಮುಗಿಯುತ್ತ ಬಂದದ್ದು. ಭರಮಪ್ಪ ಎಡಗಡೆಯಿಂದ ಕೆರೆಗೆ ಹೋಗಿ, ಗುಡ್ಡವನ್ನು ಸುತ್ತಿ ಹಟ್ಟಿಗೆ ಎಣ್ಣೆ ಕೊಟ್ಟು, ಬಲಗಡೆಯಿಂದ ಊರಿಗೆ ಮರಳುವಾಗ ಗಾಡಿ ಕೆಟ್ಟಿತ್ತು. ರಾತ್ರಿಯೆಲ್ಲ ಅಲ್ಲೇ ಕಳೆದಿದ್ದ. ಸಿದರಾಯ ಗಾಡಿಯ ಕಡೆ ಬಹಳ ಹೊತ್ತು ನೋಡಲಿಲ್ಲ. ಬಗ್ಗಿ, ನಮ್ಮ ಜೀಪಿನ ಮಗ್ಗುಲಲ್ಲೇ ಇದ್ದ ನಕ್ಷತ್ರದ ಕಚ್ಚಿನ ಗುರುತನ್ನು ನೋಡಿದ. ಅಂಚುಗಳು ಬೂದು ಬಣ್ಣಕ್ಕೆ ತಿರುಗಿದ್ದವು.

"ನರೆ ಬಂದೈತಿ" ಎಂದ, ತನಗೆ ತಾನೇ ಹೇಳಿಕೊಂಡಂತೆ.

ಸಾವು ಹತ್ತಿರ ಬಂದವರ ಗುರುತು ಹೀಗೆ ಅಂಚಿನಿಂದ ನರೆಯುತ್ತದೆ. ಬೆಚ್ಚಗಿನ ಕೈ ಬೇಗ ಸಿಕ್ಕಿದರೆ ಮತ್ತೆ ಕಪ್ಪಾಗುವುದೂ ಉಂಟು. ಹೊತ್ತು ಮೀರಿದರೆ ಇಲ್ಲ.

"ಹತ್ರಿ, ಹತ್ರಿ" ಎಂದು ಅವನು ನಮ್ಮನ್ನು ಕೂರಿಸಿ ಜೀಪನ್ನು ಜೋರಾಗಿ ಬಿಟ್ಟ. ಆದರೆ ಬಿಟ್ಟದ್ದು ಕೆಂಪು ಗುಡ್ಡದ ಕಡೆಗೆ. ಸುತ್ತಿ ಹೋಗುವ ದಾರಿಗೆ. ಊರ ಬಾಗಿಲಿನ ಕಡೆಯ ಗೆರೆಗಳಲ್ಲಿ ನುಸುಳಿ ಮರಳುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಪಕ್ಕದಲ್ಲಿದ್ದ ನನ್ನ ಮುಖ ಕಾಣದ ಹಾಗೆ ಟೊಪ್ಪಿಗೆಯನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಂಡ. ಆಮೇಲೆ, ಈ ವರ್ಷ ಹಿಮ ತಡವಾಗಿ ಬೀಳಬಹುದು, ಜವೆಗೋಧಿಯ ಬೆಲೆ ಇಳಿಯಬಹುದು ಎಂದು ಯಾರೂ ಕೇಳದ ಸಂಗತಿಗಳನ್ನು ಹೇಳತೊಡಗಿದ. ಅವನು ಯಾಕೆ ಹಾಗೆ ಮಾತಾಡುತ್ತಿದ್ದಾನೆಂದು ನನಗೆ ತಿಳಿಯಿತು. ನನ್ನನ್ನು ಕೇಳುವ ಪ್ರಸಂಗವೇ ಬರಬಾರದೆಂದು, ಕೇಳುವ ಪ್ರಶ್ನೆಯೇ ಇಲ್ಲವೆಂಬಂತೆ ಅವನು ಗಾಡಿ ಓಡಿಸುತ್ತಿದ್ದ. ಆ ದಯೆಯೊಳಗೆ ಕುಳಿತಿರುವುದು ಬೆಚ್ಚಗಿತ್ತು. ಕಣ್ಣು ಮುಚ್ಚಿಕೊಂಡರೆ ಸಂಜೆಯವರೆಗೂ ಹಾಗೇ ಕುಳಿತಿರಬಹುದಿತ್ತು.

"ಆ ಕಡೆ ಯಾಕೆ ಹೋಗ್ತಿದೀರಿ?" ಎಂದು ಪ್ರಫುಲ್ಲಾ ಹಿಂದಿನಿಂದ ಕೂಗಿದಳು. "ಅಲ್ಲೇ ಕಾಣ್ತಿದೆಯಲ್ಲ!"

"ಅಲ್ಲಿ ಮಳಲು ಸಡ್ಲ ಐತ್ರಿ. ಗಾಲಿ ಹೂಳ್ತಾವ."

"ನಾನು ಈಗ ತಾನೇ ಅಲ್ಲಿ ನಿಂತಿದ್ದೆ. ಕಲ್ಲಿನ ಹಾಗಿದೆ ನೆಲ."

"ಮ್ಯಾಲೆ ಹಂಗ ಕಾಣ್ತೈತ್ರಿ."

"ಸುತ್ತಿಕೊಂಡು ಹೋದ್ರೆ ಎಷ್ಟು ಹೊತ್ತಿಗೆ ಸೇರ್ತೀವಿ?"

"ಹೊತ್ತ ಮುಳಗೂದ್ರೊಳಗ."

"ಅಷ್ಟು ಹೊತ್ತು ಅವನು ಉಳೀತಾನಾ?" ಸಿದರಾಯ ಗೇರು ಬದಲಿಸಿದ. ಅವಳು ಮುಂದಿನ ಸೀಟಿನತ್ತ ಬಾಗಿದಳು. "ಆ ಬಿಳಿ ಗೆರೆಗೆ ತಾನೇ ನೀವು ಹೆದರ್ತಿರೋದು? ಯಾರದೋ ಹಳೇ ಗೆರೆಗೋಸ್ಕರ ಬದುಕಿರೋ ಮನುಷ್ಯನ್ನ ಸಾಯಿಸ್ತೀರಾ?"

"ಮೇಡಮ್ಮಾರ, ನಿಮಗ ಕೈ ಮುಗೀತೀನಿ, ಸುಮ್ಕಿರ್ರಿ" ಎಂದ ಸಿದರಾಯ. ಅವನು ಯಾರಿಗೂ ಅಷ್ಟು ಒರಟಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಅದು ನಮ್ಮವರದವ್ವಾ" ಎಂದೆ ನಾನು.

ಪ್ರಫುಲ್ಲಾ ಬಾಯಿಗೆ ಕೈ ಇಟ್ಟುಕೊಂಡಳು. ಜೀಪು ಓಡುತ್ತಲೇ ಇತ್ತು. ನಾನು ಸಿದರಾಯನ ತೋಳು ಮುಟ್ಟಿ, "ನಿಲ್ಲಿಸಪ್ಪಾ" ಎಂದೆ. ಅವನು ಕೇಳಿಸದವನಂತೆ ಮತ್ತೊಂದಿಷ್ಟು ದೂರ ಹೋದ. ಎರಡನೇ ಸಲ ಹೇಳಿದ ಮೇಲೆ ನಿಲ್ಲಿಸಿದ. ಇಂಜಿನ್ನು ಬಂದ್ ಮಾಡಲಿಲ್ಲ.

"ನೀವೇನ್ ಹೇಳ್ತೀರಿ ನನಗ ಗೊತ್ತೈತ್ರಿ ಬಾಯಾರ. ಹೇಳಬ್ಯಾಡ್ರಿ."

"ಕಲ್ಲವ್ವ ಗುರ್ತಿನ ಮುಂದ ಕುಂತಾಳ, ಸಿದರಾಯ. ನರೆ ಬಂದದ್ದು ಆಕಿಗೂ ಕಾಣಾಕತ್ತೈತಿ."

ಅವನು ಸ್ಟೇರಿಂಗಿನ ಮೇಲೆ ಹಣೆ ಇಟ್ಟ. "ನನ್ನ ಕೈಲೆ ಆಗೂದಿಲ್ರಿ. ಅವತ್ತ ನಿಮ್ಮ ಬಾಗಿಲಿಗೆ ಬಂದು ನಿಂತಾಂವ ನಾನು. ಈಗ ಅದನ್ನ ಅಳಸಾಂವನೂ ನಾನ ಆಗ್ಲೇನು? ನನ್ನ ಜಾಗಾದಾಗ ಆ ಭರಮ್ಯಾ ಇದ್ದಿದ್ರೂ ಸುತ್ತೇ ಹೋಗ್ತಿದ್ದ. ಬೇಕಾರ ಅಂವನ್ನೇ ಕೇಳ್ರಿ."

"ಕೇಳಾಕ ಅಂವ ಉಳೀಬೇಕಲ್ಲ" ಎಂದೆ. "ನೀ ಓಡಸಬ್ಯಾಡ. ಇಳಿ. ನಾ ಓಡಸ್ತೀನಿ."

ಇಬ್ಬರೂ ನನ್ನನ್ನೇ ನೋಡಿದರು. "ನಿಮಗ ಬರತೈತೇನ್ರಿ?" ಎಂದ ಸಿದರಾಯ.

"ನಮ್ಮವರು ಓಡಿಸಿದ್ದು ನೋಡೀಯಲ್ಲ. ಅದಕಿಂತ ಚೆಂದ ಬರತೈತಿ."

ಅವನ ಮುಖದಲ್ಲಿ ನಗು ಬಂದು, ಬಂದದ್ದು ಅಳುವಾಯಿತು. ಜೀಪನ್ನು ತಿರುಗಿಸಿ ಗೆರೆಯ ಹತ್ತಿರ ತಂದು ನಿಲ್ಲಿಸಿ ಇಳಿದ. ನನ್ನ ಕಾಲು ಕ್ಲಚ್ಚಿಗೆ ಎಟಕದೆಂದು ತನ್ನ ಕೋಟನ್ನು ಬಿಚ್ಚಿ ಮಡಚಿ ನನ್ನ ಬೆನ್ನ ಹಿಂದೆ ಇಟ್ಟ. ಗೇರು ಹಾಕಿ ತೋರಿಸಿದ. "ಜೋರ್ ಮಾಡಬ್ಯಾಡ್ರಿ. ತಾನ ಹೋಗತೈತಿ" ಎಂದು ಹೇಳಿ, ಬಿಳಿ ಗೆರೆಯನ್ನು ಮೆಟ್ಟದಂತೆ ದೊಡ್ಡ ಹೆಜ್ಜೆ ಇಟ್ಟು ದಾಟಿ ಆಚೆ ನಿಂತ. ಪ್ರಫುಲ್ಲಾಳೂ ಅವನ ಕೈ ಹಿಡಿದು ಹಾಗೆಯೇ ದಾಟಿದಳು. ಸಿದರಾಯ ಟೊಪ್ಪಿಗೆ ತೆಗೆದ. ಅದನ್ನು ನೋಡಿ ಅವಳೂ ತೆಗೆದಳು.

ನಾನು ಒಬ್ಬಳೇ ಜೀಪಿನಲ್ಲಿದ್ದೆ. ಎಲ್ಲಿ ದಾಟಿದರೂ ಪೂರ್ತಿ ಗೆರೆ ಹೋಗುತ್ತದೆಂದು ಗೊತ್ತಿದ್ದೂ ಹುಲ್ಲಿನ ಗಂಟಿನ ಹತ್ತಿರ ದಾಟಲು ಮನಸ್ಸಾಗಲಿಲ್ಲ. ಸ್ವಲ್ಪ ಮುಂದೆ, ಅವರು ಒಮ್ಮೆಯೂ ಕನ್ನಡಕ ಸರಿಮಾಡಿಕೊಳ್ಳದೆ ನೆಟ್ಟಗೆ ಹೋಗಿದ್ದ ಒಂದು ತುಂಡು ದಾರಿಯನ್ನು ಆರಿಸಿಕೊಂಡೆ. ಏನಾದರೂ ಹೇಳಬೇಕೆನಿಸಿತು. ನಾಲ್ಕು ದಶಕ ಒಂದೇ ಮನೆಯಲ್ಲಿದ್ದು ಮಾತಾಡಿದ ನಮಗೆ ಹೇಳದೆ ಉಳಿದದ್ದು ಹೆಚ್ಚೇನೂ ಇರಲಿಲ್ಲ. "ಭರಮಪ್ಪ ಅಲ್ಲಿದ್ದಾನೆ, ನೋಡಿ" ಎಂದಷ್ಟೇ ಹೇಳಿ ಕ್ಲಚ್ಚು ಬಿಟ್ಟೆ.

ಏನೂ ಆಗಲಿಲ್ಲ. ಒಂದು ಉಬ್ಬು ಕೂಡ ಇರಲಿಲ್ಲ. ಗಾಲಿ ಬೇರೆ ನೆಲದ ಮೇಲೆ ಉರುಳುವಂತೆಯೇ ಅದರ ಮೇಲೂ ಉರುಳಿತು, ಮೊದಲು ಮುಂದಿನದು, ಆಮೇಲೆ ಹಿಂದಿನದು. ಆಚೆ ಬದಿಯಲ್ಲಿ ಸಿದರಾಯ ಓಡುತ್ತ ಬಂದು ಮೆಟ್ಟಿಲ ಮೇಲೆ ಹತ್ತಿದ. ನಾನು ಪಕ್ಕದ ಸೀಟಿಗೆ ಸರಿದೆ. ಯಾರೂ ಹಿಂದಿರುಗಿ ನೋಡಲಿಲ್ಲ.

ಭರಮಪ್ಪ ಗಾಡಿಯೊಳಗೆ ಮುದುಡಿಕೊಂಡು ಬಿದ್ದಿದ್ದ. ತುಟಿ ನೀಲಿ, ರೆಪ್ಪೆಯ ಮೇಲೆ ಹಿಮ. ಅಕ್ಸಲ್ ಮುರಿದಿತ್ತು. ಸ್ಟೆಪ್ನಿಯನ್ನೂ ಸೀಟಿನ ದಿಂಬನ್ನೂ ಸುಟ್ಟು ಮುಗಿಸಿದ್ದ. ಸಿದರಾಯ ಅವನನ್ನು ಮಗುವಿನಂತೆ ಎತ್ತಿಕೊಂಡು ಬಂದು ನಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಪ್ರಫುಲ್ಲಾ ತನ್ನ ಸ್ವೆಟರುಗಳಲ್ಲಿ ಎರಡನ್ನು ಬಿಚ್ಚಿ ಅವನಿಗೆ ಹೊದಿಸಿ, ಅವನ ಕೈಗಳನ್ನು ತನ್ನ ಕಂಕುಳಲ್ಲಿ ಇರಿಸಿಕೊಂಡಳು. ನಾನು ಅವನ ಪಾದಗಳನ್ನು ನನ್ನ ಮಡಿಲಿನಲ್ಲಿಟ್ಟುಕೊಂಡು ಉಜ್ಜುತ್ತ ಕುಳಿತೆ. ಉಳಿದಿದ್ದ ಚಹಾವನ್ನು ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟೆವು. ಎಷ್ಟೋ ಹೊತ್ತಿನ ಮೇಲೆ ಅವನ ಹೆಬ್ಬೆರಳು ನನ್ನ ಅಂಗೈಯಲ್ಲಿ ಅಲುಗಿತು.

"ಯಾ ಕಡಿಯಿಂದ ಬಂದ್ರಿ?" ಅವನು ಕೇಳಿದ ಮೊದಲ ಮಾತು ಅದು.

"ಸುತ್ತಿ ಬಂದ್ವಲೇ ಮಗನ" ಎಂದ ಸಿದರಾಯ. "ನಿನ್ನ ಸಲುವಾಗಿ ಅರ್ಧ ಟಾಕಿ ಡೀಸೆಲ್ ಹಾಳಾತು."

"ಬಾಯಾರ ಗೆರಿ..."

"ಗೆರಿಗೇನ್ ಆಗೇತಿ? ಇದ್ದಲ್ಲೇ ಐತಿ. ಬಾಯಿ ಮುಚ್ಚಿ ಮಕ್ಕೋ."

ಪ್ರಫುಲ್ಲಾ ತನ್ನ ಶಾಲನ್ನು ತೆರೆದ ಕಿಟಕಿಯ ಕಂಬಿಗೆ ಕಟ್ಟಿದಳು. "ಬಿಸಿಲು ಕಣ್ಣಿಗೆ ಹೊಡೀತಿದೆ ಅವರಿಗೆ" ಎಂದಳು. ಅವಳು ಕಟ್ಟಿದ ಕಡೆಯಲ್ಲಿ ಬಿಸಿಲಿರಲಿಲ್ಲ. ಗೆರೆ ಕಾಣುವ ಕಡೆ ಅದು. ಇಂಥದ್ದನ್ನು ಅವಳಿಗೆ ನಮ್ಮ ಊರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಕೈಗಳಿಗೆ ಕೆಲಸವಿದ್ದುದರಿಂದ ನಾನು ಗೆರೆ ಹೋಗುವುದನ್ನು ನೋಡಲಿಲ್ಲ. ಬಲಗಡೆಯಿಂದಲೇ ಊರಿನತ್ತ ಬರುತ್ತಿದ್ದಾಗ ಒಮ್ಮೆ ಶಾಲಿನ ಅಂಚು ಎತ್ತಿ ನೋಡಿದೆ. ಬಯಲು ಬಯಲಾಗಿತ್ತು. ಗಾಳಿ ಅಷ್ಟೇನೂ ಜೋರಾಗಿರಲಿಲ್ಲ.

ಊರ ಬಾಗಿಲಿಗೆ ಬಂದಾಗ ಕಲ್ಲವ್ವ ನಾವು ಬಿಟ್ಟುಹೋದ ಜಾಗದಲ್ಲಿ ಇರಲಿಲ್ಲ. ಗಂಡನ ಗುರುತಿನಿಂದ ಹತ್ತಾರು ಹೆಜ್ಜೆ ಈಚೆಗೆ, ನಮ್ಮವರ ಗೆರೆ ಶುರುವಾಗುತ್ತಿದ್ದ ಕಡೆ, ತನ್ನ ಕಂಬಳಿಯನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಅದರ ಮೇಲೆ ಬೋರಲಾಗಿ ಮಲಗಿದ್ದಳು. ಆ ಚಳಿಯಲ್ಲಿ ಮೈಮೇಲೆ ಬರಿಯ ಸೀರೆ. ಜೀಪಿನ ಸದ್ದು ಕೇಳಿ ಎದ್ದಳು. ಭರಮಪ್ಪನ ಕಡೆ ಓಡಿದಳು. ಟೈರಿನ ಮಸಿ ಹತ್ತಿದ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಸ್ಟೆಪ್ನಿ ಸುಟ್ಟೀಯೇನಪಾ, ಕಡೀಕ ಅದನ್ನರ ಮುಟ್ಟಿದಿ" ಎಂದು ಬೈದು, ಅತ್ತು, ಅಲ್ಲಿದ್ದವರು ಅವನನ್ನು ಮನೆಗೆ ಹೊತ್ತೊಯ್ಯುವಾಗ ನನ್ನ ಹತ್ತಿರ ಬಂದಳು.

"ನರೆ ಬಂದಿತ್ರಿ ಬಾಯಾರ. ಕಚ್ಚಿನ ತುದಿತನಕ ಬಂದಿತ್ತು. ಆಮ್ಯಾಲೆ ಹಿಂದ ಸರೀತು, ಕರೇದಾಗಾಕ ಹತ್ತಿತು. ಅಷ್ಟರಾಗ ಈ ಕಡೆ ನೋಡಿದ್ನಿ, ಮಾಸ್ತರ ಗೆರಿ ದೂರದಿಂದ ಹೋಗಕೋತ ಬರಾಕತ್ತಿತ್ತು." ಅವಳು ನನ್ನ ಮುಂಗೈ ಹಿಡಿದುಕೊಂಡಳು. ಅವಳ ಬೆರಳುಗಳು ಭರಮಪ್ಪನ ಪಾದಗಳಷ್ಟೇ ತಣ್ಣಗಿದ್ದವು. "ನಾ ಕಂಬಳಿ ಹೊಚ್ಚಿದ್ನಿರಿ. ಕಲ್ಲ ಇಟ್ಟೆ. ಮ್ಯಾಲೆ ಮಕ್ಕೊಂಡೆ. ಒಂದ್ ಗೇಣರ ಉಳೀಲಿ ಅಂತ. ನಿಲ್ಲಲಿಲ್ರಿ ಬಾಯಾರ. ಬುಡದಾಗಿಂದ ಹೋಗಿಬಿಡ್ತು."

ಅವಳು ಕಂಬಳಿ ಎತ್ತಿ ತೋರಿಸಿದಳು. ಕೆಳಗೆ ಸಾದಾ ಮಳಲು. ಅಲ್ಲಿಯವರೆಗೆ ಅಳದಿದ್ದ ನನಗೆ ಆಗ ಅಳು ಬಂತು. ಅವಳು ಆ ಕಂಬಳಿಯನ್ನು ಕೊಡವಿ ನನಗೆ ಹೊದಿಸಿದಳು. ನಾನು ಅದನ್ನು ಅರ್ಧ ಅವಳ ಮೇಲೂ ಎಳೆದೆ. ಇಬ್ಬರೂ ಹಾಗೆಯೇ ಮನೆಯವರೆಗೆ ನಡೆದೆವು.

ಹಿಮ ಬಿದ್ದು ದಾರಿ ಮುಚ್ಚಿತು. ಆ ಚಳಿಗಾಲವೆಲ್ಲ ನಡೆದದ್ದರ ಬಗ್ಗೆ ಊರಿನಲ್ಲಿ ಯಾರೂ ನನ್ನ ಮುಂದೆ ಮಾತೆತ್ತಲಿಲ್ಲ. ಬಾಗಿಲಿನ ಹೊರಗೆ ಮಾತ್ರ ಬೆಳಗಾದರೆ ಒಣಗಿದ ಸಗಣಿಯ ಬೆರಣಿ, ಒಂದು ಸೇರು ಜವೆಹಿಟ್ಟು, ಯಾರೋ ಹೆಣೆದ ಕಾಲುಚೀಲ ಇರುತ್ತಿದ್ದವು. ಇಟ್ಟವರು ಯಾರೆಂದು ಹುಡುಕಲು ಹೋಗಲಿಲ್ಲ.

ದಾರಿ ತೆರೆದ ಮೇಲೆ ಒಂದು ಮಧ್ಯಾಹ್ನ ಭರಮಪ್ಪ ಬಂದ. ಎಡಗಾಲಿನ ಎರಡು ಬೆರಳು ಹೋಗಿದ್ದವು, ಕುಂಟುತ್ತಿದ್ದ. ಆ ದಿನ ಬೆಳಿಗ್ಗೆ ಮೊದಲ ಸಲ ಬಯಲಿಗೆ ಗಾಡಿ ಬಿಟ್ಟಿದ್ದನಂತೆ. ಹೊಸ್ತಿಲ ಹೊರಗೇ ಕುಳಿತ. ನಾನು ಚಹಾ ತಂದುಕೊಟ್ಟರೆ ಕುಡಿಯದೆ ಲೋಟ ತಿರುಗಿಸುತ್ತಿದ್ದ.

"ಅಂವ ನನಗ ಸುಳ್ಳ ಹೇಳಿದ" ಎಂದ ಕೊನೆಗೆ.

"ನೀ ಇದ್ದಿದ್ರೂ ಹೇಳ್ತಿದ್ದಿ."

"ಹೇಳ್ತಿದ್ದೆ." ಲೋಟವನ್ನು ಹೊಸ್ತಿಲ ಮೇಲೆ ಇಟ್ಟ. "ಇವತ್ತ ಕೆರಿ ಕಡೆಯಿಂದ ಹಟ್ಟಿಗೆ ಹೋಗೂದಿತ್ರಿ. ಸುತ್ತಿ ಹೋದೆ."

"ಯಾಕಪ್ಪಾ? ಈಗ ಅಲ್ಲೇನೈತಿ? ನೆಟ್ಟಗ ಹೋದ್ರ ತಾಸಿನ್ಯಾಗ ಮುಟ್ತಿದ್ದಿ."

"ನನಗೂ ಗೊತ್ತೈತ್ರಿ. ನೆಟ್ಟಗ ಹೋಗಬೇಕಂತ ಮಾಡಿದ್ದೆ. ಆ ಜಾಗಾಕ್ಕ ಬಂದ ಕೂಡಲೆ ಕೈ ತಾನ ತಿರಗತೈತಿ. ನಾ ಒಬ್ಬನ ಅಲ್ರಿ, ಎಲ್ಲಾ ಗಾಡಿಯವ್ರೂ ಹಂಗ ಮಾಡಾಕತ್ತಾರ. ಹೊಸದಾಗಿ ಕಲಿತ ಹುಡುಗ್ರಿಗೂ ಹೇಳಿಟ್ಟಾರ, ಇಲ್ಲಿಂದ ಗುಡ್ಡದ ತನಕ ಮಾಸ್ತರ ಗೆರಿ ಐತಿ ಅಂತ."

ನಾನು ಬೇಡವೆಂದೆ. ಡೀಸೆಲ್ಲು ಹಾಳು, ಹೊತ್ತು ಹಾಳು, ಗುಡ್ಡದ ಹಿಂದಿನ ಕೊರಕಲಿನಲ್ಲಿ ಇನ್ನೊಬ್ಬರ ಅಕ್ಸಲ್ ಮುರಿದೀತು ಎಂದೆ. ನಮ್ಮವರು ಇದ್ದಿದ್ದರೆ ತಾವೇ ನಿಂತು ಅಡ್ಡದಾರಿ ತೋರಿಸುತ್ತಿದ್ದರು ಎಂದೂ ಹೇಳಿದೆ. ಅವನು ತಲೆಯಾಡಿಸಿ, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಹೋದ. ಸಿದರಾಯನಿಗೂ ಹೇಳಿದೆ, ಜೀಪಿನ ಚಾಲಕರ ಒಕ್ಕೂಟದ ಕಟ್ಟೆಯ ಮೇಲೆ ಕುಳಿತಿದ್ದ ಉಳಿದವರಿಗೂ ಹೇಳಿದೆ. ಎಲ್ಲರೂ "ಆತ್ರಿ ಬಾಯಾರ" ಎಂದರು. ಯಾರೂ ಕೇಳಲಿಲ್ಲ.

ಈಗ ನಾನೂ ಹೇಳುವುದನ್ನು ಬಿಟ್ಟಿದ್ದೇನೆ. ಮುಂದಿನ ಸೀಟು ಖಾಲಿ ಇರುವ ದಿನ ಸಿದರಾಯನ ಜೀಪಿನಲ್ಲಿ ಬಯಲಿಗೆ ಹೋಗುತ್ತೇನೆ. ಎದುರಿಗೆ ಏನೂ ಇಲ್ಲದ ಒಂದು ಕಡೆ ಬಂದಾಗ ಅವನು ಗೇರು ಇಳಿಸುತ್ತಾನೆ, ಜೀಪು ನಿಧಾನವಾಗಿ ಎಡಕ್ಕೆ ವಾಲುತ್ತದೆ. ನಾನು ಮುಂದಿನ ಕಂಬಿಯನ್ನು ಹಿಡಿದುಕೊಳ್ಳುತ್ತೇನೆ.